ಕಮ್ಯುನಿಸಂ ಬಂದರೆ ನಮ್ಮ ನಾಲ್ಕು ಎಕರೆ ಕಾಫಿ ಹೋಗುತ್ತಾ?

ರೋಬಸ್ಟಾ ಹುಡುಗ, ಗೋಣಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಎರಡನೇ ವರ್ಷ. ಮೊನ್ನೆ ಕ್ಲಾಸಿನಲ್ಲಿ ಕಮ್ಯುನಿಸಂ ಪಾಠ ಶುರುವಾಯಿತು. ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಆ ಮಾತು ಎತ್ತಿದ್ದೇ ತಪ್ಪಾಯಿತು. ತಾತ ತಟ್ಟೆ ಬದಿಗೆ ಸರಿಸಿ, "ಅದು ಬಂದರೆ ಈ ನಾಲ್ಕು ಎಕರೆ ಕಾಫಿ ಹೋಗುತ್ತೆ, ನಿನ್ನ ಬೈಕ್ ಹೋಗುತ್ತೆ, ಗೋಡೆ ಮೇಲಿನ ಕೋವಿನೂ ಹೋಗುತ್ತೆ" ಅಂದರು. ಅಪ್ಪನ ಮಾತು ಬೇರೆ: "ಎಲ್ಲರಿಗೂ ಒಂದೇ ಸಂಬಳ ಅಂದ್ರೆ ಯಾರಪ್ಪ ಮೈ ಬಗ್ಗಿಸ್ತಾರೆ?" ಅಮ್ಮನಿಗೆ ಒಂದೇ ಚಿಂತೆ, ಅವರು ದೇವರನ್ನು ನಂಬಲ್ಲ ಅಲ್ವಾ ಅಂತ.

ಮೂವರಿಗೂ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಪುಸ್ತಕದಲ್ಲಿ 'ಉತ್ಪಾದನಾ ಸಾಧನಗಳ ಸಾಮಾಜಿಕ ಒಡೆತನ' ಅಂತಿದೆ. ಹಾಗಂದರೆ ಏನು ಅಂತ ಕಾಫಿ ಗಿಡದ ಭಾಷೆಯಲ್ಲಿ ಯಾರಾದರೂ ಹೇಳುತ್ತೀರಾ? ಬೈಯಬೇಡಿ, ನಾನು ಯಾವ ಪಕ್ಷದವನೂ ಅಲ್ಲ.

ನಿವೃತ್ತ ಮೇಷ್ಟ್ರು, ಪೊನ್ನಂಪೇಟೆ

ಬೈಕಿನಿಂದ ಶುರು ಮಾಡೋಣ, ಅದು ಸುಲಭ. ಬೈಕ್ ಹೋಗುವುದಿಲ್ಲ. ಮಾರ್ಕ್ಸ್ ಮತ್ತು ಏಂಗೆಲ್ಸ್ 1848ರಲ್ಲಿ ಕಮ್ಯುನಿಸ್ಟ್ ಪ್ರಣಾಳಿಕೆ ಬರೆದಾಗಲೇ ಈ ದೂರು ಅವರ ಕಿವಿಗೆ ಬಿದ್ದಿತ್ತು. ಅದಕ್ಕೆ ಅದರಲ್ಲೇ ಉತ್ತರ ಕೊಟ್ಟಿದ್ದಾರೆ. ಅವರು ತೆಗೆಯಬೇಕು ಅಂದ 'ಖಾಸಗಿ ಆಸ್ತಿ' ನೀನು ಉಡುವ ಬಟ್ಟೆ, ಮಲಗುವ ಮನೆ, ಓಡಿಸುವ ಬೈಕ್ ಅಲ್ಲ. ಬೇರೆಯವರನ್ನು ಕೂಲಿಗೆ ಇಟ್ಟು ಅವರ ದುಡಿಮೆಯಿಂದ ಲಾಭ ತೆಗೆಯುವ ಆಸ್ತಿ. ಗಿರಣಿ, ಗಣಿ, ದೊಡ್ಡ ಜಮೀನು, ಇಂಥದ್ದು. ನಿನ್ನ ಪುಸ್ತಕದ 'ಉತ್ಪಾದನಾ ಸಾಧನ' ಇದೇ. ನೀನು ಕಾಲೇಜಿಗೆ ಹೋಗುವ ಬೈಕ್ ನಿನ್ನದು. ಅಂಥ ಐವತ್ತು ಬೈಕ್ ಇಟ್ಟುಕೊಂಡು ಹುಡುಗರಿಂದ ಪಾರ್ಸೆಲ್ ಸಾಗಿಸಿದರೆ ಆಗ ಮಾತು ಬೇರೆ.

ಕೋವಿ ವಿಷಯ ಓದಿ ನಗು ಬಂತು. ಅದೇ ಇಬ್ಬರು 1850ರಲ್ಲಿ ಬರೆದ ಒಂದು ಸುತ್ತೋಲೆಯಲ್ಲಿ, ಕಾರ್ಮಿಕರು ಯಾವ ನೆಪಕ್ಕೂ ಆಯುಧ ಒಪ್ಪಿಸಬಾರದು ಅಂತಿದೆ. ತಾತನಿಗೆ ಹೇಳು, ಖುಷಿಯಾಗಬಹುದು. ಆದರೆ ಮುಂದೆ ಅವರ ಹೆಸರಲ್ಲಿ ಬಂದ ಸರ್ಕಾರಗಳು ಈ ವಿಷಯದಲ್ಲಿ ಅಷ್ಟು ಧಾರಾಳವಾಗಿರಲಿಲ್ಲ, ಅದನ್ನೂ ಹೇಳು.

ನಾಲ್ಕು ಎಕರೆಯದು ಉದ್ದದ ಕಥೆ. ಸಂಜೆ ಬರೆಯುತ್ತೇನೆ. ಈಗ ಕಣದಲ್ಲಿ ಹರಡಿದ ಕಾಫಿ ತಿರುವಿ ಬರಬೇಕು.

ಏಲಕ್ಕಿ ವ್ಯಾಪಾರಿ, ಸೋಮವಾರಪೇಟೆ

ಮೇಷ್ಟ್ರೇ, ಪುಸ್ತಕದ ಮಾತು ಚೆನ್ನಾಗೇ ಇದೆ. ನಡೆದದ್ದನ್ನೂ ಹೇಳಿ. 1932-33ರಲ್ಲಿ ಸೋವಿಯತ್ ಒಕ್ಕೂಟದ ಉಕ್ರೇನ್, ಕಝಾಕಿಸ್ತಾನದಲ್ಲಿ ಲಕ್ಷ ಲಕ್ಷ ರೈತರು ಹಸಿವಿನಿಂದ ಸತ್ತರು. ಗೋಧಿ ಬೆಳೆಯುವವನ ಮನೆಯಲ್ಲೇ ಊಟ ಇಲ್ಲ ಅಂದರೆ ಯೋಚಿಸಿ. ಚೀನಾದಲ್ಲಿ 1958ರ 'ಮಹಾ ಜಿಗಿತ'ದ ನಂತರ ಸತ್ತವರು ಕೋಟಿ ಲೆಕ್ಕದಲ್ಲಿ. ಕಾಂಬೋಡಿಯಾದಲ್ಲಿ 1975ರಿಂದ ನಾಲ್ಕೇ ವರ್ಷದಲ್ಲಿ ಎಷ್ಟು ಜನ ಸತ್ತರು ಅಂತ ಎಲ್ಲರಿಗೂ ಗೊತ್ತು. ಕೇಳಿದರೆ 'ಅದು ನಿಜವಾದ ಕಮ್ಯುನಿಸಂ ಅಲ್ಲ' ಅಂತ ಜಾರಿಕೊಳ್ಳುತ್ತಾರೆ. ಹುಡುಗನ ತಾತ ಹೆದರಿದ್ದರಲ್ಲಿ ಏನು ತಪ್ಪು?

ರೋಬಸ್ಟಾ ಹುಡುಗ

ಇಷ್ಟು ಬೇಗ ಜಗಳ ಶುರುವಾಗುತ್ತೆ ಅಂದುಕೊಂಡಿರಲಿಲ್ಲ.

ನಿವೃತ್ತ ಮೇಷ್ಟ್ರು

ಜಗಳ ಅಲ್ಲಪ್ಪ. ಅವರು ಕೇಳಿದ್ದು ಸರಿ, ನಾನು ಜಾರಿಕೊಳ್ಳುವುದಿಲ್ಲ. ಸತ್ತವರು ಸತ್ತದ್ದು ನಿಜ. ಆದರೆ ನಾಲ್ಕು ಎಕರೆಯವನಿಗೆ ಏನಾಗುತ್ತೆ ಅನ್ನುವ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡನ್ನೂ ಒಟ್ಟಿಗೆ ಕೇಳಬೇಕು.

ಒಂದು, ಏಂಗೆಲ್ಸ್ 1894ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ರೈತರ ಬಗ್ಗೆ ಬರೆದದ್ದು. ಸಣ್ಣ ರೈತನ ಜಮೀನನ್ನು ನಾವು ಬಲವಂತವಾಗಿ ಕಿತ್ತುಕೊಳ್ಳುವುದಿಲ್ಲ, ಪರಿಹಾರ ಕೊಟ್ಟೂ ಇಲ್ಲ, ಕೊಡದೆಯೂ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಸಹಕಾರ ಸಂಘ ಮಾಡಿ ತೋರಿಸೋಣ, ಒಳ್ಳೆಯದು ಅನ್ನಿಸಿದರೆ ಅವನೇ ಬರುತ್ತಾನೆ, ಅಷ್ಟು ಹೊತ್ತು ಯೋಚಿಸಲು ಅವನನ್ನು ಅವನ ಹೊಲದಲ್ಲೇ ಬಿಡೋಣ ಅನ್ನುವ ಧಾಟಿ.

ಎರಡು, ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ 1929ರಿಂದ ಮಾಡಿದ್ದು. ಅದು ನೇರ ಉಲ್ಟಾ. ಸಾಮೂಹಿಕ ಹೊಲಕ್ಕೆ ಬಾ, ಬರದಿದ್ದರೆ ನೀನು ಕುಲಕ್. ಕುಲಕ್ ಅಂದರೆ ಹೆಸರಿಗೆ ಶ್ರೀಮಂತ ರೈತ. ಆದರೆ ಆ ಪಟ್ಟಿಗೆ ಸೇರಲು ದೊಡ್ಡ ಬಂಗಲೆ ಬೇಕಿರಲಿಲ್ಲ. ಕೂಲಿಗೆ ಆಳು ಇಟ್ಟಿದ್ದೂ ಒಂದು ಗುರುತು. ನಿನ್ನ ನಾಲ್ಕು ಎಕರೆಗೆ ಜನವರಿಯಲ್ಲಿ ಕೊಯ್ಲಿಗೆ ಆಳು ಬರುತ್ತಾರಲ್ಲ? ಏಂಗೆಲ್ಸ್ ಲೆಕ್ಕದಲ್ಲಿ ನಿನ್ನ ತಾತ ಸಣ್ಣ ರೈತ. ಸ್ಟಾಲಿನ್ ಕಾಲದ ಅಧಿಕಾರಿಯ ಕೈಗೆ ಸಿಕ್ಕಿದ್ದರೆ ಏನಾಗುತ್ತಿದ್ದರೋ ಹೇಳಲಾಗದು.

ಮಾಕುಟ್ಟ ಘಾಟಿ, ವಿರಾಜಪೇಟೆ

ರಷ್ಯಾ ತನಕ ಯಾಕೆ ಹೋಗುತ್ತೀರಿ? ಘಾಟಿ ಇಳಿದರೆ ಇರಿಟ್ಟಿ, ಅಲ್ಲಿಂದ ಕಣ್ಣೂರು. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ. ಬೀದಿ ತುಂಬ ಕೆಂಪು ಬಾವುಟ. ಪ್ರಪಂಚದಲ್ಲೇ ಮೊದಲ ಬಾರಿ ವೋಟಿನಿಂದ ಗೆದ್ದ ಕಮ್ಯುನಿಸ್ಟ್ ಸರ್ಕಾರ 1957ರಲ್ಲಿ ಕೇರಳದಲ್ಲೇ ಬಂದದ್ದು. ಯಾರ ಬೈಕೂ ಹೋಗಿಲ್ಲ. ಬಂಗಾರದ ಅಂಗಡಿಗಳು ನಮ್ಮ ಜಿಲ್ಲೆಗಿಂತ ಜಾಸ್ತಿ ಇವೆ.

ಅಕೌಂಟ್ಸ್ ಅಕ್ಕ, ಮಡಿಕೇರಿ

ಸಣ್ಣ ತಿದ್ದುಪಡಿ. ಪ್ರಪಂಚದ ಮೊದಲನೆಯದು ಅಲ್ಲ. ಇಟಲಿಯ ನಡುವೆ ಸಾನ್ ಮರಿನೋ ಅಂತ ಒಂದು ಪುಟ್ಟ ದೇಶ ಇದೆ. ಅಲ್ಲಿ 1945ರಲ್ಲೇ ಕಮ್ಯುನಿಸ್ಟರು ಸೋಷಲಿಸ್ಟರ ಜೊತೆ ಸೇರಿ ಚುನಾವಣೆ ಗೆದ್ದಿದ್ದರು. ಕೇರಳದ್ದು ಮೊದಲನೆಯದು ಅಂತ ಎಲ್ಲ ಕಡೆ ಬರೆದುಬಿಟ್ಟಿದ್ದಾರೆ, ನಿಮ್ಮ ತಪ್ಪಲ್ಲ.

ಇನ್ನು ಕೇರಳದ ಮುಖ್ಯಮಂತ್ರಿ ನಂಬೂದಿರಿಪಾಡರ ಆ ಸರ್ಕಾರವನ್ನು 1959ರ ಜುಲೈನಲ್ಲಿ ಕೇಂದ್ರ ವಜಾ ಮಾಡಿತು. 'ಕಮ್ಯುನಿಸ್ಟರು ಬಂದರೆ ಮತ್ತೆ ಚುನಾವಣೆಯೇ ನಡೆಯುವುದಿಲ್ಲ' ಅನ್ನುವವರಿಗೆ ಇದೊಂದು ವಿಚಿತ್ರ ಉದಾಹರಣೆ. ಇಲ್ಲಿ ವೋಟಿನಿಂದ ಬಂದವರು ಅವರು, ಕಳಿಸಿದವರು ಬೇರೆಯವರು. ಆಮೇಲೂ ಅಲ್ಲಿ ಗೆಲ್ಲುತ್ತಾರೆ, ಸೋಲುತ್ತಾರೆ, ಮನೆಗೆ ಹೋಗುತ್ತಾರೆ. ಹಾಗಂತ ಸೋವಿಯತ್ ಒಕ್ಕೂಟದಲ್ಲಿ ಒಂದೇ ಪಕ್ಷ ಇದ್ದದ್ದು ಸುಳ್ಳಾಗುವುದಿಲ್ಲ.

ಏಲಕ್ಕಿ ವ್ಯಾಪಾರಿ

ಕೇರಳದಲ್ಲಿ ಜಮೀನು ಹೋಯಿತಲ್ಲ ಸ್ವಾಮಿ. ಅದನ್ನು ಹೇಳಿ.

ಮಾಕುಟ್ಟ ಘಾಟಿ

ಗೇಣಿದಾರರಿಗೆ ಹೋಯಿತು, ಹೌದು. ಆದರೆ ತಮಾಷೆ ಕೇಳಿ. ಅದೇ ಕೇರಳದ ಭೂಸುಧಾರಣೆ ಕಾಯಿದೆಯಲ್ಲಿ ತೋಟಗಳಿಗೆ ಮಿತಿಯಿಂದ ವಿನಾಯಿತಿ ಇದೆ. ಟೀ, ಕಾಫಿ, ರಬ್ಬರ್ ಎಸ್ಟೇಟ್ ಮುಟ್ಟಲಿಲ್ಲ. ನಮ್ಮ ಕರ್ನಾಟಕದ ಕಾಯಿದೆಯಲ್ಲೂ ಪ್ಲಾಂಟೇಶನ್‌ಗೆ ಹಾಗೇ ವಿನಾಯಿತಿ ಇದೆ. ನಮ್ಮಲ್ಲಿ 'ಉಳುವವನೇ ಹೊಲದೊಡೆಯ' ಅಂತ 1974ರಲ್ಲಿ ಕಾಯಿದೆ ಬಿಗಿ ಮಾಡಿದ್ದು ದೇವರಾಜ ಅರಸು. ಅವರು ಕಾಂಗ್ರೆಸ್. ಕಮ್ಯುನಿಸ್ಟ್ ಅಲ್ಲ. ಹಳೆಯ ಕಾಲದವರು ಯಾರ ಜಮೀನು ಯಾರಿಗೆ ಹೋದರೂ 'ಕಮ್ಯುನಿಸ್ಟ್ ಕಾಯಿದೆ' ಅಂದುಬಿಡುತ್ತಾರೆ.

ಅಂದರೆ ಹುಡುಗನ ತಾತ ಹೆದರುವ ಆ ದಿನ ಕಮ್ಯುನಿಸ್ಟರೇ ಆಳಿದ ಪಕ್ಕದ ರಾಜ್ಯದಲ್ಲಿ ಕಾಫಿ ತೋಟಕ್ಕೆ ಬರಲೇ ಇಲ್ಲ.

ಅಕೌಂಟ್ಸ್ ಅಕ್ಕ

ಈಗ ಅಪ್ಪನ ಪ್ರಶ್ನೆ, ಎಲ್ಲರಿಗೂ ಒಂದೇ ಸಂಬಳ. ಇದು ನಾನು ಅತಿ ಹೆಚ್ಚು ಕೇಳಿದ ತಪ್ಪು ಕಲ್ಪನೆ. ಮಾರ್ಕ್ಸ್ 1875ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಎರಡು ಹಂತ ಹೇಳುತ್ತಾರೆ. ಮೊದಲ ಹಂತದಲ್ಲಿ ಎಷ್ಟು ದುಡಿದೆಯೋ ಅಷ್ಟು ಸಿಗುತ್ತದೆ. 'ಶಕ್ತಿಗೆ ತಕ್ಕಷ್ಟು ದುಡಿ, ಅಗತ್ಯಕ್ಕೆ ತಕ್ಕಷ್ಟು ಪಡೆ' ಅನ್ನುವುದು ಅದಾದ ಎಷ್ಟೋ ಕಾಲದ ಮೇಲೆ, ಎಲ್ಲವೂ ಸಮೃದ್ಧವಾದ ಮೇಲೆ. ಎರಡರಲ್ಲೂ 'ಸಮ' ಇಲ್ಲ ನೋಡಿ. ಮೂರು ಮಕ್ಕಳಿರುವವಳ ಅಗತ್ಯ ಒಬ್ಬಂಟಿಯ ಅಗತ್ಯಕ್ಕೆ ಸಮ ಆಗುವುದಿಲ್ಲ.

ಸೋವಿಯತ್ ಒಕ್ಕೂಟದಲ್ಲೂ ಸಮ ಸಂಬಳ ಇರಲಿಲ್ಲ. 1931ರಲ್ಲಿ ಸ್ಟಾಲಿನ್ ಎದ್ದು ನಿಂತು ಸಂಬಳ ಸಮ ಮಾಡುವುದನ್ನೇ ಬೈದರು. ಎಂಜಿನಿಯರಿಗೆ ಒಂದು, ಕಸ ಗುಡಿಸುವವನಿಗೆ ಒಂದು. ಕಾರ್ಖಾನೆಗಳಲ್ಲಿ ಪೀಸ್ ರೇಟ್ ಇತ್ತು. ನಮ್ಮಲ್ಲಿ ಕೊಯ್ಲಿನ ಸಮಯದಲ್ಲಿ ಕೆಜಿ ಲೆಕ್ಕದಲ್ಲಿ ಕೊಡುತ್ತೇವಲ್ಲ, ಹಾಗೆ.

ಇನ್ನೊಂದು ವಿಷಯ. ಆ ದೇಶ ತನ್ನನ್ನು ತಾನು ಕಮ್ಯುನಿಸಂ ಮುಟ್ಟಿದ ದೇಶ ಅಂತ ಯಾವತ್ತೂ ಕರೆದುಕೊಳ್ಳಲಿಲ್ಲ. ಹೆಸರಲ್ಲೇ 'ಸಮಾಜವಾದಿ ಗಣರಾಜ್ಯಗಳು' ಅಂತಿತ್ತು. ಕಮ್ಯುನಿಸಂ ಅಂದರೆ ವರ್ಗವೂ ಇಲ್ಲದ, ಸರ್ಕಾರವೂ ಇಲ್ಲದ ಮುಂದಿನ ದಿನ. ಆ ಮುಂದಿನ ದಿನ ಬರಲೇ ಇಲ್ಲ, 1991ರಲ್ಲಿ ಅಂಗಡಿಯೇ ಮುಚ್ಚಿತು.

ಏಲಕ್ಕಿ ವ್ಯಾಪಾರಿ

ಅಂಗಡಿ ಮುಚ್ಚಿದಾಗ ನಮಗೂ ಏಟು ಬಿತ್ತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಅವರೇ ಆಗಿದ್ದರು. ಅವರಿಗೆ ಬೈಯುತ್ತಾ ಬೈಯುತ್ತಾ ಅವರ ದುಡ್ಡಿನಲ್ಲೇ ಮನೆ ಕಟ್ಟಿದವರು ನನಗೆ ಗೊತ್ತು.

ಸೋಷಲಿಸಂ ಅಂದರೆ ಏನು ಅಂತ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಪೂಲ್ ಕಾಲ ನೋಡಿದವನು ನಾನು. ಬೆಳೆದದ್ದೆಲ್ಲ ಕಾಫಿ ಬೋರ್ಡಿಗೆ ಕೊಡಬೇಕು. ಪಾಯಿಂಟ್ ಲೆಕ್ಕ, ಕಂತಿನಲ್ಲಿ ಹಣ. ಈ ವರ್ಷದ ಕಾಫಿಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಗೆ ಹೂ ಬಿಡಿಸುವ ಹೂ ಮಳೆ ಬಂದಿರುತ್ತಿತ್ತು. ನನ್ನದೇ ಕಾಫಿ ನಾನು ಮಾರುವ ಹಾಗಿಲ್ಲ. ಇದಕ್ಕಿಂತ ಕಮ್ಯುನಿಸಂ ಬೇಕಾ?

ನಿವೃತ್ತ ಮೇಷ್ಟ್ರು

ಪೂಲ್ ತಂದದ್ದು ಯಾರು? ಬ್ರಿಟಿಷರ ಕಾಲದ 1942ರ ಕಾಫಿ ಕಾಯಿದೆ. ಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ, ಬೆಲೆ ಕುಸಿದು ಬೆಳೆಗಾರ ಮುಳುಗುತ್ತಿದ್ದಾಗ ಹಿಡಿದ ಹಗ್ಗ ಅದು. ಚರ್ಚಿಲ್ ಕಮ್ಯುನಿಸ್ಟೇ? ಸರ್ಕಾರ ಏನಾದರೂ ಕೈಗೆ ತೆಗೆದುಕೊಂಡ ತಕ್ಷಣ ಅದು ಕಮ್ಯುನಿಸಂ ಆಗುವುದಿಲ್ಲ. ಪೂಲ್ ಕಾಲದಲ್ಲೂ ತೋಟ ನಿಮ್ಮದೇ, ಲಾಭ ನಿಮ್ಮದೇ, ಆಳುಗಳು ಕೂಲಿಯವರೇ. ಬೋರ್ಡು ಮಾರುವ ಕೆಲಸ ಮಾತ್ರ ಮಾಡಿತು. ತಡವಾಗಿ ಮಾಡಿತು, ಅದು ಬೇರೆ. 1996ರ ಹೊತ್ತಿಗೆ ಅದೂ ಹೋಯಿತು. ನಂತರ 2001-02ರಲ್ಲಿ ಬೆಲೆ ನೆಲ ಕಚ್ಚಿದಾಗ 'ಪೂಲ್ ಇದ್ದಿದ್ದರೆ' ಅಂದವರಲ್ಲಿ ನೀವೂ ಇದ್ದಿರಿ ಅನ್ನಿಸುತ್ತೆ.

ಏಲಕ್ಕಿ ವ್ಯಾಪಾರಿ

ಇದ್ದೆ. ಮುಂದೆ ಹೋಗಿ.

ಐನ್‌ಮನೆ ಮೊಮ್ಮಗಳು, ಬೆಂಗಳೂರು

ಕೊಡಗಿನಲ್ಲಿ ಕಮ್ಯುನಿಸಂ ಮೊದಲಿನಿಂದಲೂ ಇತ್ತು ಅಲ್ವಾ? ತಲೆಮಾರಿನಿಂದ ಬಂದ ಜಮ್ಮ ಜಮೀನು ಒಬ್ಬನದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ವಂಶದ ಇಡೀ ಮನೆತನದ್ದು. ಒಬ್ಬ ಮಾರುವ ಹಾಗಿರಲಿಲ್ಲ. ಒಕ್ಕದ ಮೂಲ ಮನೆಯಾದ ಐನ್‌ಮನೆಯಲ್ಲಿ ಒಂದೇ ಒಲೆ, ಒಂದೇ ಕಣಜ. ನಾಟಿಗೆ ಮುಯ್ಯಾಳು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ, ದುಡ್ಡಿನ ಮಾತೇ ಇಲ್ಲ. ಸಂಬಳ ಇಲ್ಲದಿದ್ದರೆ ಯಾರು ಮೈ ಬಗ್ಗಿಸುತ್ತಾರೆ ಅಂದ ಅಪ್ಪನಿಗೆ ಇದು ಉತ್ತರ ಆಗಲ್ವಾ?

ಮಾಕುಟ್ಟ ಘಾಟಿ

ಸೂಪರ್ ಪಾಯಿಂಟ್. ಮುಯ್ಯಾಳು ದಿನ ಸಿಗುತ್ತಿದ್ದ ಹಂದಿ ಸಾರಿಗೆ ಜನ ಬರುತ್ತಿದ್ದರು ಅನ್ನುವುದು ನನ್ನ ಅನುಮಾನ.

ಲೈನ್ ಮನೆ 7

ತೋಟದ ಆಳುಗಳ ಸಾಲು ಮನೆಯಲ್ಲಿ ಕೂತು ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯುವುದೋ ಬೇಡವೋ ಅಂತ ಯೋಚಿಸಿದೆ.

ಒಕ್ಕದ ಜಮೀನು ಒಕ್ಕದಲ್ಲಿ ಹುಟ್ಟಿದವರಿಗೆ. ಅದೇ ಗದ್ದೆಯಲ್ಲಿ ತಲೆತಲಾಂತರದಿಂದ ಕೆಸರು ತುಳಿದ ನಮ್ಮ ಎರವ ಬುಡಕಟ್ಟಿನವರಿಗೆ ಪಾಲು ಇತ್ತಾ? ಒಂದೇ ಕಣಜ ಅಂದಿರಿ. ಆ ಕಣಜಕ್ಕೆ ಭತ್ತ ಹೊತ್ತವರು ನನ್ನ ಅಜ್ಜಿ. ಮುಯ್ಯಾಳು ಗದ್ದೆ ಇರುವವರ ನಡುವೆ ನಡೆಯುವುದು. ಗದ್ದೆ ಇಲ್ಲದವನು ನಿಮ್ಮ ಮುಯ್ಯಿ ತೀರಿಸಿಕೊಳ್ಳುವುದು ಎಲ್ಲಿ?

ಬೈಯುತ್ತಿಲ್ಲ. ನೀವು ಕೇಳಿದ್ದಕ್ಕೆ ಹೇಳಿದೆ.

ನಿವೃತ್ತ ಮೇಷ್ಟ್ರು

ಸರಿಯಾದ ಮಾತು. ಎಲ್ಲರೂ ಹಂಚಿಕೊಳ್ಳುವುದು ಅಂದಾಗ ಆ 'ಎಲ್ಲರೂ' ಯಾರು ಅಂತ ಮೊದಲು ಕೇಳಬೇಕು. ನಾನು ಮೂವತ್ತು ವರ್ಷ ಪಾಠ ಮಾಡಿದೆ, ಈ ಉದಾಹರಣೆಯನ್ನೇ ಕೊಡುತ್ತಿದ್ದೆ. ಯಾವ ಹುಡುಗನೂ ಎದ್ದು ಕೇಳಿರಲಿಲ್ಲ.

ಐನ್‌ಮನೆ ಮೊಮ್ಮಗಳು

ನಾನೂ ಆ ಕಡೆಯಿಂದ ನೋಡಿರಲಿಲ್ಲ. ಕ್ಷಮಿಸಿ.

ಕುಟ್ಟದ ಗಡಿ

ಲೈನ್ ಮನೆಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಗಡಿ ಆಚೆ ಕೇರಳದಲ್ಲಿ ಎರವರನ್ನು ಅಡಿಯರು ಅನ್ನುತ್ತಾರೆ. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವ್ ಜಾತ್ರೆಯಲ್ಲಿ ಒಂದು ವರ್ಷದ ದುಡಿಮೆಗೆ ಆಳುಗಳನ್ನು ಗೊತ್ತು ಮಾಡಿಕೊಳ್ಳುತ್ತಿದ್ದರು. ದೇವಿಯ ಎದುರು ಕೊಟ್ಟ ಮಾತು ಅಂತ ಬಿಟ್ಟು ಹೋಗುವ ಹಾಗಿಲ್ಲ. ಜೀತ ನಿಷೇಧದ ಕಾಯಿದೆ ಬಂದದ್ದು 1976ರಲ್ಲಿ.

ನಕ್ಸಲರು, ಕಮ್ಯುನಿಸ್ಟರು ಎರಡೂ ಒಂದೇ ಅನ್ನುವವರು ಈ ಕಡೆ ಬಹಳ ಜನ. ಒಂದೇ ಬೇರಿನ ಬೇರೆ ಬೇರೆ ಕೊಂಬೆಗಳು. ಭಾರತದ ಕಮ್ಯುನಿಸ್ಟ್ ಪಕ್ಷ 1964ರಲ್ಲಿ ಒಡೆದು ಸಿಪಿಐ, ಸಿಪಿಎಂ ಆಯಿತು. ಎರಡೂ ಚುನಾವಣೆಗೆ ನಿಲ್ಲುತ್ತವೆ. 1967ರಲ್ಲಿ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರ ದಂಗೆಯಾದ ಮೇಲೆ ಬಂದೂಕೇ ದಾರಿ ಅಂದವರು ಬೇರೆಯಾದರು. ಆ ದಂಗೆ ಹತ್ತಿಕ್ಕಿದ ಬಂಗಾಳ ಸರ್ಕಾರದಲ್ಲಿ ಸಿಪಿಎಂ ಕೂಡ ಪಾಲುದಾರ ಆಗಿತ್ತು ಅನ್ನುವುದನ್ನು ನೆನಪಿಡಿ.

ನಮ್ಮ ಕುಟ್ಟದಿಂದ ತೋಲ್ಪೆಟ್ಟಿ ದಾಟಿದರೆ ತಿರುನೆಲ್ಲಿ. ಅಲ್ಲಿ ಅಡಿಯರ ಕೂಲಿಗೆ ಹೋರಾಡಿದ ವರ್ಗೀಸ್ ಅನ್ನುವ ನಕ್ಸಲ್ ನಾಯಕನನ್ನು 1970ರ ಫೆಬ್ರವರಿಯಲ್ಲಿ ಪೊಲೀಸರು ಕೊಂದರು. ಎನ್‌ಕೌಂಟರ್ ಅಂದರು. 1998ರಲ್ಲಿ ಒಬ್ಬ ಕಾನ್‌ಸ್ಟೇಬಲ್, ನಾನೇ ಗುಂಡು ಹಾರಿಸಿದ್ದು, ಹಿಡಿದ ಮೇಲೆ ಮೇಲಿನವರು ಹೇಳಿ ಹಾರಿಸಿದರು ಅಂತ ಬಾಯಿ ಬಿಟ್ಟ. 2010ರಲ್ಲಿ ನಿವೃತ್ತ ಅಧಿಕಾರಿಯೊಬ್ಬರಿಗೆ ಜೀವಾವಧಿ ಆಯಿತು. ನಕ್ಸಲರ ದಾರಿ ನನಗೆ ಒಪ್ಪಿಗೆ ಇಲ್ಲ. ಆದರೆ ಆ ಕಾಡಿನಲ್ಲಿ ಆ ಪದ ಯಾಕೆ ಬೇರು ಬಿಟ್ಟಿತು ಅಂತ ಕೇಳಿದರೆ ಆ ಜಾತ್ರೆಯನ್ನೂ ನೆನೆಯಬೇಕು.

ರೋಬಸ್ಟಾ ಹುಡುಗ

ಅಮ್ಮನ ಪ್ರಶ್ನೆ ಯಾರೂ ಮುಟ್ಟಲಿಲ್ಲ.

ಮಾಕುಟ್ಟ ಘಾಟಿ

ನಮ್ಮ ಭಾವ ಪಾರ್ಟಿ ಮೆಂಬರ್. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ತಪ್ಪಿಸಿಲ್ಲ. ಕೇಳಿದರೆ 'ಅಕ್ಕನ ಜೊತೆ ಬಂದೆ' ಅನ್ನುತ್ತಾರೆ.

ಅಕೌಂಟ್ಸ್ ಅಕ್ಕ

ಧರ್ಮ ಅಫೀಮು ಅನ್ನುವ ಒಂದೇ ಮಾತು ಎಲ್ಲರ ಬಾಯಲ್ಲಿದೆ. ಅದರ ಹಿಂದಿನ ಸಾಲಿನಲ್ಲೇ ಮಾರ್ಕ್ಸ್, ಅದು ನೊಂದ ಜೀವದ ನಿಟ್ಟುಸಿರು ಅಂತಲೂ ಬರೆದಿದ್ದಾರೆ. ಆ ಕಾಲದಲ್ಲಿ ಅಫೀಮು ನೋವಿನ ಔಷಧಿಯೂ ಆಗಿತ್ತು. ಹಾಗಂತ ಮಾರ್ಕ್ಸ್ ಆಸ್ತಿಕ ಅಲ್ಲ. ರಷ್ಯಾದಲ್ಲಿ ಚರ್ಚು ಒಡೆದು ಪಾದ್ರಿಗಳನ್ನು ಕೊಂದದ್ದೂ ಸುಳ್ಳಲ್ಲ. ಅಮ್ಮನಿಗೆ ಅರ್ಧ ಮಾತ್ರ ಸಮಾಧಾನ ಹೇಳಬಹುದು.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ, ಅದನ್ನು ಯಾರೂ ಕೇಳಲೇ ಇಲ್ಲ. ಲಾಭ ಎಲ್ಲಿಂದ ಬರುತ್ತೆ? ಒಬ್ಬಳು ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಬರುತ್ತಾಳೆ. ಅವಳ ದಿನದ ಕೂಲಿಗೆ ಸರಿಯಾಗುವಷ್ಟು ಹಣ್ಣನ್ನು ಮಧ್ಯಾಹ್ನದ ಒಳಗೆ ಕೊಯ್ದಳು ಅಂತ ಇಟ್ಟುಕೊಳ್ಳಿ. ಊಟದ ಮೇಲೆ ಕೊಯ್ದದ್ದು ಯಾರ ಲೆಕ್ಕಕ್ಕೆ? ಗೊಬ್ಬರ, ಯಂತ್ರದ ಸವೆತ ಎಲ್ಲ ಕಳೆದ ಮೇಲೂ ಮಿಕ್ಕಿದ್ದನ್ನು ಮಾರ್ಕ್ಸ್ ಹೆಚ್ಚುವರಿ ಮೌಲ್ಯ ಅಂದರು. ಮಾಲೀಕ ಕೆಟ್ಟವನಾಗಿರಬೇಕಿಲ್ಲ, ಮೋಸ ಮಾಡಬೇಕಿಲ್ಲ. ನ್ಯಾಯವಾಗಿ ಕೂಲಿ ಕೊಟ್ಟರೂ ಅದು ಉಳಿಯುತ್ತದೆ ಅನ್ನುವುದೇ ಅವರ ವಾದ. 1867ರ ದಪ್ಪ ಪುಸ್ತಕದ ತಿರುಳು ಇಷ್ಟು.

ಏಲಕ್ಕಿ ವ್ಯಾಪಾರಿ

ಹೂ ಮಳೆ ಬರದಿದ್ದರೆ? ಕಾಂಡಕೊರಕ ಹುಳ ಬಿದ್ದರೆ? ಆನೆ ನುಗ್ಗಿದರೆ? ಆ ನಷ್ಟದಲ್ಲಿ ಆಳು ಪಾಲು ತೆಗೆದುಕೊಳ್ಳುತ್ತಾಳಾ? 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಇಲ್ಲಿ ಬೆಲೆ ಆಕಾಶಕ್ಕೆ ಹೋಯಿತು. ಆ ವರ್ಷ ನಮ್ಮ ತೋಟದಲ್ಲಿ ಯಾರೂ ಒಂದು ಗಂಟೆ ಜಾಸ್ತಿ ದುಡಿದಿರಲಿಲ್ಲ. ಆ ಲಾಭ ಯಾರ ಬೆವರಿನಿಂದ ಬಂತು?

ಅಕೌಂಟ್ಸ್ ಅಕ್ಕ

ಒಳ್ಳೆಯ ಪ್ರಶ್ನೆ. ಅರ್ಥಶಾಸ್ತ್ರದವರಲ್ಲಿ ಹೆಚ್ಚಿನವರು ಈಗ ಮಾರ್ಕ್ಸ್ ಲೆಕ್ಕ ಒಪ್ಪದಿರುವುದು ಇಂಥ ಕಾರಣಕ್ಕೇ. ಬೆಲೆ ನಿಲ್ಲುವುದು ಕೊಳ್ಳುವವನ ಬೇಕು ಬೇಡದ ಮೇಲೆ ಅನ್ನುವ ವಾದ 1870ರ ದಶಕದಲ್ಲೇ ಬಂತು. ಬೆಲೆಯ ಏರಿಳಿತ ಬೇರೆ, ಮೌಲ್ಯ ಬೇರೆ ಅಂತ ಮಾರ್ಕ್ಸ್ ಕಡೆಯವರು ಹೇಳುತ್ತಾರೆ. ನನಗೆ ಪೂರ್ತಿ ಸಮಾಧಾನ ಆಗಿಲ್ಲ. ಆದರೆ 1994ರ ಆ ಲಾಭದಲ್ಲಿ ಕೂಲಿ ಎಷ್ಟು ಏರಿತು ಅಂತ ನಿಮ್ಮ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿ. ನಷ್ಟದ ಪಾಲು ಕೇಳುವವರು ಲಾಭದ ಪಾಲನ್ನೂ ಹೇಳಬೇಕಲ್ವಾ.

ಲೈನ್ ಮನೆ 7

ನನಗೆ ಆ ದಪ್ಪ ಪುಸ್ತಕ ಗೊತ್ತಿಲ್ಲ. ಚೀಲ ಗೊತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ರಜೆಯಲ್ಲಿ ಅಮ್ಮನ ಜೊತೆ ಹಣ್ಣು ಕೊಯ್ಯಲು ಹೋಗುತ್ತಿದ್ದೆ. ಯಾವ ತೋಟ ಅಂತ ಬೇಡ. ಸಂಜೆ ನಾಲ್ಕೂವರೆಗೆ ಕಣದ ಹತ್ತಿರ ಸಾಲು ನಿಲ್ಲಬೇಕು. ಮರದ ಕೊಂಬೆಗೆ ಕಟ್ಟಿದ ಸ್ಪ್ರಿಂಗ್ ತಕ್ಕಡಿ. ರೈಟರ್, ಅಂದರೆ ತೋಟದ ಗುಮಾಸ್ತರು, ಮುಳ್ಳು ನೋಡಿ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮುಳ್ಳು 43 ತೋರಿಸಿದರೆ 41 ಅಂತ ಬರೆಯುವುದು. ಎರಡು ಕೆಜಿ 'ಚೀಲದ ತೂಕ'. ನನ್ನ ಅಮ್ಮನಿಗೆ ಓದಲು ಬರುವುದಿಲ್ಲ, ಆದರೆ ಮುಳ್ಳು ಎಲ್ಲಿ ನಿಂತಿತು ಅಂತ ನೋಡಿಡುತ್ತಿದ್ದಳು. ಒಂದು ದಿನ ನಾನು ಖಾಲಿ ಚೀಲ ಕೊಕ್ಕೆಗೆ ಹಾಕಿ ನೋಡಿದೆ. ಮುಳ್ಳು ಒಂದನ್ನೂ ಮುಟ್ಟಲಿಲ್ಲ. ರೈಟರ್ ನಕ್ಕು 'ಆಟ ಆಡಬೇಡ' ಅಂದರು. ಅಮ್ಮ ನನ್ನ ಕೈ ಎಳೆದುಕೊಂಡು ಹೋದಳು. ಮಾರನೇ ದಿನ ಕೆಲಸ ಬೇಕಲ್ಲ.

ಅಕ್ಕ ಹೇಳಿದ್ದು ನ್ಯಾಯವಾಗಿ ಕೂಲಿ ಕೊಟ್ಟ ಮೇಲೆ ಉಳಿಯುವುದರ ಬಗ್ಗೆ. ನಾನು ಹೇಳಿದ್ದು ಅದಕ್ಕೂ ಮೊದಲು ಹೋಗುವುದರ ಬಗ್ಗೆ. ಇಷ್ಟು ಜನ ಬರೆದಿರಿ, ಎಲ್ಲರಿಗೂ ತೋಟ ಯಾರು ಕಿತ್ತುಕೊಳ್ಳುತ್ತಾರೆ ಅನ್ನುವುದೇ ಚಿಂತೆ. ನಮ್ಮ ಲೈನಿನಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳುವುದು, ಈ ಮನೆ ಕೆಲಸ ಬಿಟ್ಟ ಮೇಲೂ ನಮ್ಮದಾ ಅಂತ.

ನಿವೃತ್ತ ಮೇಷ್ಟ್ರು

ಅಲ್ಲ. ಇವತ್ತಿನ ಸ್ಥಿತಿಯಲ್ಲಿ ಅಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಮನೆ ಕೊಡಬೇಕು ಅಂದಿತು. ಕೆಲಸ ಇರುವ ತನಕ ಮಾತ್ರ. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿ ಆದಿವಾಸಿ ಹಾಡಿಯಲ್ಲಿ ಗುಡಿಸಲು ಕೆಡವಿದಾಗ ಅಲ್ಲಿದ್ದವರಲ್ಲಿ ಲೈನ್ ಮನೆ ಬಿಟ್ಟು ಬಂದವರು ಎಷ್ಟೋ ಜನ. ನಾನು ಹೋಗಿ ನೋಡಿದ್ದೆ.

ರೋಬಸ್ಟಾ ಹುಡುಗ

ಮೂರು ದಿನ ಬರೆಯಲಿಲ್ಲ, ಕ್ಷಮಿಸಿ. ಕೊಯ್ಲು ನಡೆಯುತ್ತಿದೆ.

ತಾತನಿಗೆ ಏಂಗೆಲ್ಸ್ ಹೇಳಿದ್ದು ಓದಿ ಹೇಳಿದೆ. 'ನೋಡೋಣ' ಅಂದರು. ಕೇರಳದಲ್ಲಿ ತೋಟಕ್ಕೆ ವಿನಾಯಿತಿ ಇದೆ ಅಂದಿದ್ದಕ್ಕೆ ನಂಬಲಿಲ್ಲ. ಕೋವಿ ವಿಷಯ ಕೇಳಿ ನಕ್ಕರು.

ಲೈನ್ ಮನೆಯವರು ಬರೆದದ್ದನ್ನು ಓದಿ ಹೇಳಲಿಲ್ಲ. ಸುಮ್ನೆ ಇವತ್ತು ಸಂಜೆ ಎಲ್ಲರೂ ಹೋದ ಮೇಲೆ ನಮ್ಮ ತಕ್ಕಡಿಗೆ ಖಾಲಿ ಗೋಣಿ ಹಾಕಿದೆ. 900 ಗ್ರಾಂ ಬಂತು. ನಮ್ಮ ಪುಸ್ತಕದಲ್ಲಿ ಒಂದೂವರೆ ಕೆಜಿ ಕಳೆಯುತ್ತಿದ್ದೇವೆ. ನಾನು ಚಿಕ್ಕವನಿದ್ದಾಗಿನಿಂದಲೂ ಒಂದೂವರೆಯೇ. ತಾತ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಣ ಚೀಲ ತೂಗಿದ್ದೀಯ. ಬೆಳಿಗ್ಗೆ ಇಬ್ಬನಿಯಲ್ಲಿ ನೆಂದ ಚೀಲ ತೂಗಿ ನೋಡು" ಅಂದರು.

ನಾಲ್ಕು ಚೀಲ ಅಂಗಳದಲ್ಲಿ ಹರಡಿ ಬಂದಿದ್ದೇನೆ. ಬೆಳಿಗ್ಗೆ ಆರಕ್ಕೆ ತೂಗಿ ಇಲ್ಲೇ ಬರೆಯುತ್ತೇನೆ.